ಏಳನೇ ನಂಬರಿನ ಒಲೆ

ನಮ್ಮ ಎಸ್ಟೇಟಿನ ಕಾಫಿ ಕಣದ ಮೇಲೆ ಈಗ ಮರದ ಹಲಗೆ ಹಾಸಿದ್ದಾರೆ. ಅದಕ್ಕೆ ಸನ್‌ಸೆಟ್ ಪ್ಯಾಟಿಯೋ ಅಂತ ಹೆಸರು. ಒಂದು ರಾತ್ರಿಗೆ ಮೂವತ್ತೆಂಟು ಸಾವಿರ ಕೊಟ್ಟು ಬಂದವರು ಅಲ್ಲಿ ಮೆತ್ತೆ ಹಾಕಿಕೊಂಡು ಕೂತು ಸೂರ್ಯ ಮುಳುಗೋದನ್ನು ನೋಡುತ್ತಾರೆ. ಮುಳುಗಿದ ಮೇಲೆ ಚಪ್ಪಾಳೆ ತಟ್ಟುತ್ತಾರೆ. ಸೂರ್ಯನಿಗೆ ಚಪ್ಪಾಳೆ ತಟ್ಟುವ ಜನವನ್ನು ಈ ಜನ್ಮದಲ್ಲಿ ನೋಡುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

ಆ ಹಲಗೆಯ ನಡುವೆ ಕಲ್ಲು ಕಟ್ಟಿದ ದುಂಡನೆ ಗುಂಡಿ ಇದೆ, ಬೆಂಕಿ ಹಾಕೋದಕ್ಕೆ. ದಿನಾ ಸಂಜೆ ಐದು ಮುಕ್ಕಾಲಿಗೆ ನಾನು ಕರೀ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಬಿಗಿದು, ಮಣ್ಣಿನ ಮಡಕೆಯಲ್ಲಿ ಕೆಂಡ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ. ‘ಈ ಬೆಂಕಿ ಈ ಬೆಟ್ಟದಲ್ಲಿ ನೂರೆಂಬತ್ತು ವರ್ಷದಿಂದ ಆರಿಲ್ಲ’ ಅಂತ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳುತ್ತೇನೆ. ಆ ಕೆಂಡ ನಾನೇ ಅರ್ಧ ಗಂಟೆ ಮುಂಚೆ ಅಡುಗೆಮನೆಯ ಹಿಂದೆ ಗ್ಯಾಸ್ ಲೈಟರಿನಲ್ಲಿ ಹೊತ್ತಿಸಿದ್ದು. ಕುಪ್ಯ ಕೊಡವರ ಉಡುಪು; ನಾನು ಶನಿವಾರಸಂತೆ ಕಡೆಯ ಲಿಂಗಾಯತ, ಹೆಸರು ಚಿದಾನಂದ. ಮೂರ್ನಾಡಿನ ಕೊಡವರು ಯಾರಾದರೂ ಈ ವೇಷದಲ್ಲಿ ನನ್ನನ್ನು ಕಂಡರೆ ಮುಖ ಆ ಕಡೆ ತಿರುಗಿಸುತ್ತಾರೆ. ಬಾಯಿ ಬಿಟ್ಟು ಬೈಯುವುದಿಲ್ಲ, ಅದು ಅವರ ದೊಡ್ಡತನ.

ಈ ವೇಷ ಕಟ್ಟುವ ಮೊದಲು ಇಪ್ಪತ್ತೊಂಬತ್ತು ವರ್ಷ ನಾನು ಇದೇ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಕತೆ ಕವನ ಬರೆಯುವವನಲ್ಲ. ಬೆಳಿಗ್ಗೆ ಹಾಜರಿ ಹಾಕುವವನು, ಸಂಜೆ ಕಾಫಿ ಹಣ್ಣಿನ ಮೂಟೆ ತೂಗಿಸಿ ಬರೆಯುವವನು. ಆಗ ಸೂರ್ಯ ಮುಳುಗುತ್ತಾನೆ ಅಂದರೆ ನಮಗೆಲ್ಲ ಕೈಕಾಲಿಗೆ ಕೆಲಸ. ಇಬ್ಬನಿ ಬೀಳುವ ಮೊದಲು ಕಣದಲ್ಲಿ ಹರಡಿದ ಕಾಫಿಯನ್ನೆಲ್ಲ ಬಾಚಿ ರಾಶಿ ಮಾಡಿ ಟಾರ್ಪಲ್ ಹೊದಿಸಬೇಕು. ಕಣದ ಉಸ್ತುವಾರಿ ಹುಚ್ಚಮ್ಮನದು. ಪಡುವಣ ಕೆಂಪಾಗುತ್ತಿದ್ದ ಹಾಗೇ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂಗು ಹಾಕುತ್ತಿದ್ದಳು. ಆ ಹೊತ್ತಿನಲ್ಲಿ ಯಾರಾದರೂ ಕೈಕಟ್ಟಿ ಆಕಾಶ ನೋಡುತ್ತಾ ನಿಂತಿದ್ದರೆ ಬಾಚುವ ಹಲಗೆಯಲ್ಲೇ ಬೆನ್ನಿಗೆ ಒಂದು ಕೊಡುತ್ತಿದ್ದಳು. ಈಗ ಅದೇ ಜಾಗದಲ್ಲಿ ಕೂತು ಆಕಾಶ ನೋಡುವವರಿಗೆ ನಾವು ಕೈ ಮುಗಿದು ಲೆಮನ್‌ಗ್ರಾಸ್ ಟೀ ಕೊಡುತ್ತೇವೆ.

ಹುಚ್ಚಮ್ಮ ಕುಶಾಲನಗರದ ಹತ್ತಿರ ಹೆಬ್ಬಾಲೆಯವಳು. ಅವಳ ಅಪ್ಪನ ಕಾಲಕ್ಕೆ ಪಿರಿಯಾಪಟ್ಟಣದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತ ಒಕ್ಕಲು ಮಂದಿ. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸು ಉಳಿಯಲಿಲ್ಲವಂತೆ. ಇದೊಂದು ಉಳಿದರೆ ನಿನ್ನ ಹೆಸರೇ ಇಡುತ್ತೇವೆ ಅಂತ ಊರ ಹುಚ್ಚಮ್ಮ ತಾಯಿಗೆ ಹರಕೆ ಹೊತ್ತು ಇಟ್ಟ ಹೆಸರು. ಹತ್ತೊಂಬತ್ತು ವರ್ಷಕ್ಕೆ ಗಂಡ ಜವರಪ್ಪನ ಜೊತೆ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್‌ಗೆ ಅಂತ ಮೂರ್ನಾಡಿನಿಂದ ಒಳಗಿರುವ ನಮ್ಮ ಎಸ್ಟೇಟಿಗೆ ಬಂದಳು. ಎರಡು ತಿಂಗಳಿಗೆ ಅಂತ ಬಂದವರು ಹಿಂದಕ್ಕೆ ಹೋಗಲಿಲ್ಲ. ಕೂಲಿಯವರಿಗೆ ಅಂತ ಕಟ್ಟಿದ ಹನ್ನೊಂದು ಮನೆಯ ಲೈನಿನಲ್ಲಿ ಏಳನೇ ನಂಬರ್ ಅವರಿಗೆ ಸಿಕ್ಕಿತು. ಮಗಳು ಉಷಾರಾಣಿ ಹುಟ್ಟಿದ್ದು ಅಲ್ಲೇ. ಕರಿಮೆಣಸು ಕೊಯ್ಯುತ್ತಾ ಏಣಿಯಿಂದ ಬಿದ್ದ ಜವರಪ್ಪ ಹನ್ನೆರಡು ದಿನ ಮಲಗಿದ್ದು ಪ್ರಾಣ ಬಿಟ್ಟದ್ದೂ ಅದೇ ಮನೆಯ ಒಲೆಯ ಪಕ್ಕ. ಮಗಳನ್ನು ಬೆಟ್ಟದಪುರಕ್ಕೆ ಕೊಟ್ಟಳು. ಅಳಿಯ ಒಳ್ಳೆಯವನೇ, ಬಾ ಅಂತ ಎಷ್ಟೋ ಸಲ ಕರೆದ. ‘ಹಬ್ಬಕ್ಕೆ ಬಂದು ಹೋಯ್ತೀನಿ ಕಣಪ್ಪ, ಸಾಯಾಕೆ ಬರಾಕಿಲ್ಲ. ಸಾಯಾಕೆ ನಂಗೆ ಏಳನೇ ನಂಬರ್ ಐತೆ’ ಅಂದುಬಿಟ್ಟಳು.

ಅವಳ ಒಲೆಯ ವಿಷಯ ಹೇಳಬೇಕು. ಆ ಒಲೆ ಆರಿದ್ದನ್ನು ಲೈನಿನಲ್ಲಿ ಯಾರೂ ನೋಡಿರಲಿಲ್ಲ. ಇದರಲ್ಲಿ ದೇವರು ದಿಂಡರು ಏನೂ ಇಲ್ಲ. ಕೊಡಗಿನ ಮಳೆಗಾಲದಲ್ಲಿ ಹಸಿ ಸೌದೆ ಇಟ್ಟುಕೊಂಡು ದಿನಾ ಬೆಳಿಗ್ಗೆ ಹೊಸದಾಗಿ ಬೆಂಕಿ ಮಾಡುತ್ತೇನೆ ಅನ್ನುವವನಿಗೆ ತಲೆ ಕೆಟ್ಟಿರಬೇಕು. ಊಟ ಆದ ಮೇಲೆ ಹುಚ್ಚಮ್ಮ ಕೆಂಡವನ್ನೆಲ್ಲ ಒಟ್ಟಿಗೆ ಎಳೆದು, ಒಣಗಿದ ಕಾಫಿ ಬೊಡ್ಡೆ ಒಂದನ್ನು ಅದರೊಳಗೆ ಹೂತು, ಮೇಲೆ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ನಾಲ್ಕು ಒಣ ಎಲೆ ಇಟ್ಟು ಊದುಗೊಳವೆಯಲ್ಲಿ ಊದಿದರೆ ಆಯಿತು. ಗುಡ್ಡ ಜರಿದ ಆ ದೊಡ್ಡ ಮಳೆಯ ವರ್ಷ ನಾಲ್ಕು ದಿನ ಕರೆಂಟಿಲ್ಲ, ರೋಡಿಲ್ಲ, ಒಂದು ಬೆಂಕಿಪೊಟ್ಟಣವೂ ಹತ್ತುತ್ತಿರಲಿಲ್ಲ. ಆಗ ಹನ್ನೊಂದು ಮನೆಯವರೂ, ರೈಟರ್ ಕ್ವಾರ್ಟರ್ಸಿನಲ್ಲಿದ್ದ ನಾನೂ, ಗಂಜಿ ಕುಡಿದದ್ದು ಅವಳು ತೆಂಗಿನ ಚಿಪ್ಪಿನಲ್ಲಿ ಹಂಚಿದ ಕೆಂಡದಿಂದ.

ಹಳೇ ದೊರೆ ತೀರಿಕೊಂಡ ಮೇಲೆ ಮಕ್ಕಳು ಎಸ್ಟೇಟನ್ನು ಮುಂಬೈಯ ಒಂದು ಕಂಪನಿಗೆ ಕೊಟ್ಟರು. ಕಂಪನಿಯ ಹೆಸರು ಬಿಡಿ. ಗೇಟಿನ ಬೋರ್ಡಿನಲ್ಲಿ ಇಂಗ್ಲಿಷಿನ ನಾಲ್ಕು ಪದ ಇದೆ, ಬರೆದ ಪೇಂಟರಿಗೂ ಅರ್ಥ ಗೊತ್ತಿರಲಿಲ್ಲ. ಕಾಫಿ ಗಿಡ ಅರ್ಧಕ್ಕರ್ಧ ಕಿತ್ತರು. ಈಜುಕೊಳ ತೋಡಿದರು. ಎದುರಿಗೆ ಹೊಳೆ ಹರಿಯುತ್ತಿದ್ದರೂ ಈಜುಕೊಳ ಬೇಕಂತೆ ಅವರಿಗೆ. ಲೈನಿನ ಮನೆಗಳನ್ನು ಮಾತ್ರ ಕೆಡವಲಿಲ್ಲ. ಕೂಲಿಯವರನ್ನು ಒಕ್ಕಲೆಬ್ಬಿಸಿ, ಅದೇ ಗೋಡೆಗೆ ಸುಣ್ಣ ಹೊಡೆದು, ಅದೇ ಹೆಂಚು ತೊಳೆದು ಹಾಕಿ, ಒಳಗೆ ಮಲಗುವಷ್ಟು ದೊಡ್ಡ ಸ್ನಾನದ ತೊಟ್ಟಿ ಇಟ್ಟು ಹೆರಿಟೇಜ್ ಕಾಟೇಜ್ ಮಾಡಿದರು. ಆರು ಜನ ಮಕ್ಕಳೊಂದಿಗೆ ಸೋಮಿಯ ಸಂಸಾರ ಉಸಿರುಗಟ್ಟಿ ಬದುಕಿದ್ದ ಮೂರನೇ ನಂಬರಿನಲ್ಲಿ ಈಗ ಗಂಡ ಹೆಂಡತಿ ಇಬ್ಬರು ಬಂದು ‘ಎಷ್ಟು ಸಿಂಪಲ್ ಲೈಫ್’ ಅಂತ ನಿಟ್ಟುಸಿರು ಬಿಡುತ್ತಾರೆ.

ಕೆಲಸದಲ್ಲಿ ಇರುವವರಿಗೆ ಮಾತ್ರ ಮನೆ, ಕೆಲಸ ಇಲ್ಲದವರು ಖಾಲಿ ಮಾಡಬೇಕು ಅಂತ ಕಂಪನಿ ನಿಯಮ. ಹತ್ತು ಮನೆ ಖಾಲಿ ಆದವು. ಏಳನೇ ನಂಬರೂ ಖಾಲಿ ಆಗಬೇಕಿತ್ತು. ಅದರ ಮೇಲೆ ಮ್ಯಾನೇಜರನ ಕಣ್ಣು ಬೇರೆ ಇತ್ತು, ಯಾಕೆಂದರೆ ಅದರ ಜಗಲಿಯಿಂದ ಸೂರ್ಯ ಮುಳುಗೋದು ಚೆನ್ನಾಗಿ ಕಾಣುತ್ತದೆ. ಹುಚ್ಚಮ್ಮನಿಗೆ ಅರವತ್ತಮೂರು. ಹಾಸಿಗೆ ಬಟ್ಟೆ ಮಡಿಸೋದಕ್ಕೂ ಅವಳು ಬೇಡ, ಪಾತ್ರೆ ತೊಳೆಯೋದಕ್ಕೂ ಬೇಡ ಅಂದರು. ನಾನು ಕೆಲಸ ಉಳಿಸಿಕೊಂಡಿದ್ದೆ. ರೈಟರ್ ಆಗಿದ್ದಾಗ ಎಸ್ಟೇಟ್ ಪತ್ರ ಬರೆದ ಇಂಗ್ಲಿಷು, ಅಸ್ಸಾಮಿನ ಕೂಲಿಯವರ ಹತ್ತಿರ ಕಲಿತ ಹಿಂದಿ, ಎರಡೂ ಇದ್ದ ಕಾರಣ ನನಗೆ ಗೆಸ್ಟ್ ರಿಲೇಷನ್ಸ್ ಅಂತ ಒಂದು ಬಿಲ್ಲೆ ಚುಚ್ಚಿದ್ದರು.

ಅವಳನ್ನು ಉಳಿಸಿದ್ದು ನನ್ನ ಬಾಯಿ. ಪ್ಯಾಟಿಯೋದ ಗುಂಡಿಗೆ ಮೊದಲು ಗ್ಯಾಸಿನ ಬೆಂಕಿ ಇಟ್ಟಿದ್ದರು. ಸ್ವಿಚ್ ಒತ್ತಿದರೆ ಕಲ್ಲಿನ ನಡುವಿನಿಂದ ನೀಲಿ ಉರಿ ಬರುತ್ತಿತ್ತು. ಬಂದವರು ಮೂಗು ಮುರಿದರು. ಹೊಗೆಯ ವಾಸನೆ ಇಲ್ಲ, ಚಟಪಟ ಸದ್ದಿಲ್ಲ, ಇದು ನಮ್ಮ ಫ್ಲಾಟಿನ ಸ್ಟವ್ವಿನ ಹಾಗೇ ಇದೆ ಅಂತ ದೂರು ಬರೆದರು. ಮ್ಯಾನೇಜರ್ ತೀರ್ಥಪ್ರಸಾದ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹುಡುಗ ನಮ್ಮ ಕೊಡಗಿನವನೇ, ಮನೆಯಲ್ಲಿ ಅರೆಭಾಷೆ ಮಾತಾಡುವವನು; ಗೇಟಿನ ಒಳಗೆ ಬಂದರೆ ಮಾತ್ರ ಅಪ್ಪ ಅಮ್ಮ ಕಲಿಸಿದ್ದೆಲ್ಲ ಮರೆತುಹೋಗುತ್ತದೆ. ನಾನು ಸುಮ್ಮನಿರಲಾರದೆ, ಏಳನೇ ನಂಬರಿನ ಒಲೆ ನಲವತ್ತು ವರ್ಷದಿಂದ ಆರಿಲ್ಲ, ಆ ಹುಚ್ಚಮ್ಮನಿಗೆ ಈ ಕೆಲಸ ಕೊಡು ಅಂದೆ. ಅವನು ತಲೆಯಿಂದ ಕೈ ತೆಗೆದ.

‘ಚಿದಣ್ಣ, ಇದು ಕತೆ. ಇದನ್ನೇ ನಾವು ಮಾರ್ಬೇಕು’ ಅಂದ.

ಒಂದೇ ವಾರದಲ್ಲಿ ನಲವತ್ತು ವರ್ಷ ನೂರೆಂಬತ್ತಾಯಿತು. ಹುಚ್ಚಮ್ಮನಿಗೆ ಕೊಡವರ ಹಾಗೆ ನೆರಿಗೆ ಹಿಂದಕ್ಕೆ ಬರುವಂತೆ ರೇಷ್ಮೆ ಸೀರೆ ಉಡಿಸಿ, ತಲೆಗೆ ವಸ್ತ್ರ ಕಟ್ಟಿಸಿದರು. ‘ನಾವು ಒಕ್ಕಲಿಗ್ರು ಕಣ್ರಪ್ಪ, ಈ ನೆರಿಗೆ ನಂಗ್ಯಾಕೆ? ನೋಡಿದೋರು ನಗಾಕಿಲ್ವ?’ ಅಂದಳು. ಗೆಸ್ಟುಗಳಿಗೆ ಯಾವ ನೆರಿಗೆ ಎಲ್ಲಿರಬೇಕು ಅಂತ ಗೊತ್ತಾಗಲ್ಲ ಅಂತ ತೀರ್ಥಪ್ರಸಾದ್ ಸಮಾಧಾನ ಹೇಳಿದ. ಬೆಂಕಿಯ ಕೆಲಸ ಇರುವ ತನಕ ಏಳನೇ ನಂಬರ್ ನಿನ್ನದೇ ಅಂತಲೂ ಹೇಳಿದ. ಅವಳಿಗೆ ಬೇಕಾಗಿದ್ದು ಅದೊಂದೇ. ನೆರಿಗೆ ಹಿಂದೆ ಹಾಕಿಕೊಂಡಳು.

ದಿನಾ ಸಂಜೆ ತನ್ನ ಒಲೆಯಿಂದ ಮಡಕೆಯಲ್ಲಿ ಕೆಂಡ ತುಂಬಿಕೊಂಡು ಬರುವಳು. ಪಕ್ಕದಲ್ಲಿ ನಾನು ನೂರೆಂಬತ್ತು ವರ್ಷದ ಕತೆ ಊದುವೆನು. ಅವಳು ಗುಂಡಿಯಲ್ಲಿ ಕಾಫಿ ಬೊಡ್ಡೆ ಜೋಡಿಸಿ ಊದುಗೊಳವೆ ಹಿಡಿದು ಕೂತರೆ ಎಂಟು ಹತ್ತು ಫೋನು ಅವಳ ಮುಖಕ್ಕೆ ತಿರುಗುತ್ತಿದ್ದವು. ಕಣ್ಣಿಗೆ ಹೊಗೆ ಹೋಗಿ ನೀರು ಬಂದರೆ ಅದರದ್ದೂ ಫೋಟೋ. ಒಬ್ಬಳು ಅವಳ ಪಕ್ಕ ಕಣ್ಣು ಮುಚ್ಚಿ ಕೂತು, ಈ ಅಜ್ಜಿಯಿಂದ ಏನೋ ಶಕ್ತಿ ಬರುತ್ತಿದೆ ಅಂದಳು. ನಾನು ಅದನ್ನು ಹುಚ್ಚಮ್ಮನಿಗೆ ಕನ್ನಡದಲ್ಲಿ ಹೇಳಿದೆ. ‘ಬೆಳಿಗ್ಗೆಯಿಂದ ಊಟ ಮಾಡಿಲ್ಲ ರೈಟ್ರೆ, ಯಾವ ಸಕ್ತಿ ಬಂತು’ ಅಂದಳು. ನಾನು ಆಯಮ್ಮನಿಗೆ, ಅಜ್ಜಿ ನಿಮ್ಮನ್ನು ಆಶೀರ್ವಾದ ಮಾಡಿದರು ಅಂದೆ. ಹೀಗೆ ಸುಳ್ಳು ಅನುವಾದ ಮಾಡೋದು ನನಗೆ ಅಭ್ಯಾಸ ಆಗಿಹೋಗಿತ್ತು.

ಒಂದು ದಿನ ಸೇಫ್ಟಿಯವನು ಅಂತ ಒಬ್ಬ ಬಂದ. ಗುಂಡಿಯ ಬೆಂಕಿಗೆ ಪ್ರತಿ ರಾತ್ರಿ ನೀರು ಹಾಕಿ ಆರಿಸಲೇಬೇಕು, ಹಾಕಿದ ಹೊತ್ತು ಬರೆದು ಸಹಿ ಮಾಡಲೇಬೇಕು ಅಂತ ಒಂದು ರಿಜಿಸ್ಟರ್ ಕೊಟ್ಟು ಹೋದ. ಎಂದೂ ಆರದ ಬೆಂಕಿ ಅಂತ ಸಂಜೆ ಕತೆ ಹೇಳಿ, ರಾತ್ರಿ ಆರಿಸಿದ್ದೇವೆ ಅಂತ ಬರೆಯಬೇಕು. ಇದರಲ್ಲಿ ಏನೋ ತಪ್ಪಿದೆ ಅಂತ ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹುಚ್ಚಮ್ಮನಿಗೆ ಹೇಳಿದೆ. ಅವಳು ಖಡಾಖಂಡಿತ ಆಗೋದಿಲ್ಲ ಅಂದಳು.

‘ಹೆಣ ಸುಟ್ಟ ಬೆಂಕಿಗೆ ನೀರು ಹಾಕ್ತಾರೆ ರೈಟ್ರೆ. ಉರಿಯೋ ಒಲೆಗೆ ಹಾಕ್ತಾರಾ? ಇದು ನಮ್ಮನೆ ಒಲೆಯಿಂದ ತಂದ ಕೆಂಡ. ನೀರು ಹಾಕಾಕಿಲ್ಲ. ಬೂದಿ ಮುಚ್ತೀನಿ.’

ತೀರ್ಥಪ್ರಸಾದನಿಗೂ ಹೇಳಿದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ. ‘ರಿಜಿಸ್ಟರ್ ಕರೆಕ್ಟಾಗಿರ್ಲಿ ಚಿದಣ್ಣ. ಅಜ್ಜಿ ಏನಾದ್ರೂ ಮಾಡ್ಕೊಳ್ಲಿ.’

ಹಾಗಾಗಿ ಹುಚ್ಚಮ್ಮ ದಿನಾ ರಾತ್ರಿ ಬೂದಿ ಮುಚ್ಚುವಳು, ನಾನು ‘9.40, ನೀರು ಹಾಕಲಾಗಿದೆ’ ಅಂತ ಬರೆದು ಅವಳ ಪರವಾಗಿ ಸಹಿ ಮಾಡುವೆನು. ನಾಲ್ಕು ತಿಂಗಳು ಬರೆದೆ. ಬೂದಿಯ ಕೆಳಗೆ ಬೊಡ್ಡೆ ಮಾರನೇ ದಿನ ಮಧ್ಯಾಹ್ನದವರೆಗೂ ಕೆಂಪಗೆ ಇರುತ್ತದೆ ಅಂತ ನನಗೆ ಗೊತ್ತಿತ್ತು, ತೀರ್ಥಪ್ರಸಾದನಿಗೆ ಗೊತ್ತಿತ್ತು, ಗುಡಿಸುವವರಿಗೂ ಗೊತ್ತಿತ್ತು. ನಮ್ಮಲ್ಲಿ ಮೂರು ವರ್ಷದ ಕೂಸು ಕೂಡ ಬಿಳೀ ಬೂದಿ ಕಂಡರೆ ಕಾಲು ಹಿಂದೆ ತೆಗೆಯುತ್ತದೆ. ಯಾರಿಗಾದರೂ ಇದನ್ನು ಬಾಯಿಬಿಟ್ಟು ಹೇಳಬೇಕಾದೀತು ಅಂತ ನಮಗೆ ಹೊಳೆಯಲೇ ಇಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಗುರ್‌ಗಾಂವ್‌ನಿಂದ ಒಬ್ಬಳು ಬಂದಳು. ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದರೆ ಭೂಮಿಯ ಶಕ್ತಿ ಮೈಗೆ ಏರುತ್ತದೆ ಅಂತ ಅವಳಿಗೆ ಯಾರೋ ಹೇಳಿದ್ದರಂತೆ. ನಮ್ಮ ಎಸ್ಟೇಟಿನಲ್ಲಿ ನಲವತ್ತು ವರ್ಷ ಬರಿಗಾಲಲ್ಲಿ ನಡೆದವರ ಹಿಮ್ಮಡಿ ತೋರಿಸಬೇಕಿತ್ತು ಅವಳಿಗೆ. ಬೆಳಿಗ್ಗೆ ಏಳು ಗಂಟೆಗೆ ಮಂಜಿನಲ್ಲಿ ಫೋಟೋ ಹಿಡಿಸಿಕೊಳ್ಳುತ್ತಾ, ಹುಲ್ಲು ಸಾಲದೆ, ಹಲಗೆ ಸಾಲದೆ, ಗುಂಡಿಯ ಕಟ್ಟೆ ದಾಟಿ ಆ ನುಣ್ಣನೆ ಬಿಳೀ ಬೂದಿಯ ಮೇಲೆ ಕಾಲಿಟ್ಟಳು. ಇಟ್ಟವಳು ಫೋಟೋಗೆ ಒಮ್ಮೆ ನಕ್ಕಳು ಕೂಡ.

ಆ ಕಿರುಚಾಟಕ್ಕೆ ಮೊದಲು ಓಡಿಬಂದವಳು ಹುಚ್ಚಮ್ಮ. ಕೈಯಲ್ಲಿ ಲೋಳೆಸರದ ಎಲೆ ಸೀಳಿಕೊಂಡೇ ಬಂದಿದ್ದಳು. ಹೆಂಗಸಿನ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಲೋಳೆ ಸವರಿದಳು. ಅಂಗಾಲಿನಲ್ಲಿ ಎರಡು ಬೊಬ್ಬೆ ಎದ್ದಿದ್ದವು, ಅಷ್ಟೇ. ಡಾಕ್ಟರು ಬಂದು ಬಟ್ಟೆ ಕಟ್ಟಿ, ಮೊದಲು ಹಚ್ಚಿದ ಲೋಳೆ ಒಳ್ಳೆಯದೇ ಮಾಡಿದೆ ಅಂದರು. ಹೆಂಗಸು ಮಾತ್ರ, ಇದಕ್ಕೆ ಹೊಣೆ ಯಾರು ಅಂತ ನನಗೆ ಗೊತ್ತಾಗಬೇಕು, ಇಲ್ಲದಿದ್ದರೆ ನಿಮ್ಮ ರೆಸಾರ್ಟಿನ ಮಾನ ಎರಡು ಲಕ್ಷ ಜನರ ಮುಂದೆ ತೆಗೆಯುತ್ತೇನೆ ಅಂದಳು. ಫೋನಿನಲ್ಲಿ ಅವಳನ್ನು ನೋಡುವವರು ಅಷ್ಟು ಜನ ಇದ್ದರಂತೆ. ಎರಡು ಲಕ್ಷ ಜನಕ್ಕೆ ಬೇರೆ ಕೆಲಸ ಇಲ್ಲವೇ ಅಂತ ನಾನು ಕೇಳಲಿಲ್ಲ.

ತೀರ್ಥಪ್ರಸಾದ್ ನನ್ನನ್ನು ಆಫೀಸಿನ ಹಿಂದಕ್ಕೆ ಕರೆದು, ‘ಅಜ್ಜಿ ವಿಡಿಯೋದಲ್ಲಿ ಕ್ಷಮೆ ಕೇಳ್ಬೇಕು. ನೀರು ಹಾಕೋದು ಮರ್ತೆ ಅನ್ಲಿ ಸಾಕು. ರಿಜಿಸ್ಟರಲ್ಲಿ ನಿನ್ನೆಯದ್ದು ಮಾತ್ರ ಹೊಡೆದು ಹಾಕಿದ್ರಾಯ್ತು. ಮುಗಿದು ಹೋಗ್ತದೆ. ಹಾಗೆ ಹೇಳಿದ್ರೆ ಮನೆ ಉಳೀತದೆ, ಇಲ್ಲ ಅಂದ್ರೆ ನನ್ನ ಕೈಲಿಲ್ಲ’ ಅಂದ.

ನಾನು ಹುಚ್ಚಮ್ಮನಿಗೆ ತಿಳಿಸಿ ಹೇಳಿದೆ. ಅವಳನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಎಸ್ಟೇಟ್ ರೈಟರುಗಳ ದರಿದ್ರ ಅಭ್ಯಾಸ. ‘ಹುಚ್ಚಮ್ಮ, ಒಂದೇ ಒಂದು ಮಾತು. ಮರೆತೆ ಅಂದುಬಿಡು. ನಿನ್ನ ಮನೆ ಉಳಿಯುತ್ತೆ.’

‘ನಾನು ಮರ್ತಿಲ್ವಲ್ಲ ರೈಟ್ರೆ.’

‘ಗೊತ್ತು ಮಾರಾಯ್ತಿ. ಆದರೂ ಅನ್ನು.’

‘ಬೆಂಕಿ ಇಟ್ಟು ಮರೆಯೋಳು ಮನೆ ಸುಟ್ಟಾಳು. ನಲವತ್ತು ವರ್ಷದಲ್ಲಿ ನಾನೊಂದು ಹೊತ್ತು ಮರ್ತಿದ್ರೆ ಈ ಲೈನೇ ಇರ್ತಿರಲಿಲ್ಲ. ಆ ತಾಯಿ ಕಾಲು ಸುಟ್ತು, ಅದಕ್ಕೆ ಕಾಲು ಬೇಕಾದ್ರೂ ಹಿಡೀತೀನಿ. ಮರ್ತೆ ಅನ್ನಾಕಿಲ್ಲ.’

ಪ್ಯಾಟಿಯೋದಲ್ಲೇ ವಿಡಿಯೋ ಹಿಡಿದರು. ಹೆಂಗಸು ಕಾಲು ಮೆತ್ತೆಯ ಮೇಲಿಟ್ಟು ಕೂತಿದ್ದಳು. ತೀರ್ಥಪ್ರಸಾದ್ ಫೋನು ಹಿಡಿದಿದ್ದ. ಹಿನ್ನೆಲೆಯಲ್ಲಿ ಬೆಟ್ಟ ಕಾಣಲಿ ಅಂತ ಹುಚ್ಚಮ್ಮನನ್ನು ಎರಡು ಸಲ ಆಚೆ ಈಚೆ ಸರಿಸಿದ. ಅವಳು ಕೈ ಮುಗಿದು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

‘ತಾಯಿ, ನಿಮ್ಮ ಕಾಲು ಸುಟ್ಟಿದ್ದು ನೋಡಿ ನನ್ನ ಕರುಳು ಚುರುಕ್ ಅಂತು. ತಪ್ಪಾಯ್ತು. ಆದ್ರೆ ನಾನು ಮರ್ತಿದ್ದಲ್ಲ. ಬೆಂಕಿಗೆ ನಾನು ಯಾವತ್ತೂ ನೀರು ಹಾಕಾಕಿಲ್ಲ, ಬೂದಿ ಮುಚ್ತೀನಿ. ಇಲ್ಲಿ ಎಲ್ಲಾರಿಗೂ ಗೊತ್ತು. ಈ ರೈಟ್ರಿಗೂ ಗೊತ್ತು.’

ಹೆಂಗಸು ನನ್ನ ಕಡೆ ತಿರುಗಿದಳು. ತೀರ್ಥಪ್ರಸಾದನೂ ನನ್ನನ್ನೇ ನೋಡಿದ. ಅವನಿಗೆ ಕನ್ನಡ ಬರುತ್ತದೆ, ಅವಳು ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದ. ನನ್ನ ತಲೆಯಲ್ಲಿ ಇದ್ದದ್ದು ಏಳನೇ ನಂಬರ್ ಒಂದೇ ಅಂತ ಹೇಳಿದರೆ ಅರ್ಧ ನಿಜ. ನಾಲ್ಕು ತಿಂಗಳ ರಿಜಿಸ್ಟರಿನಲ್ಲಿರುವ ನನ್ನ ಸಹಿಯೂ ತಲೆಯಲ್ಲಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಅಜ್ಜಿ ಕ್ಷಮೆ ಕೇಳುತ್ತಿದ್ದಾರೆ, ಅವರಿಗೆ ವಯಸ್ಸಾಗಿದೆ, ಈಚೆಗೆ ಮರೆವು, ನಿನ್ನೆ ನೀರು ಹಾಕೋದನ್ನು ಮರೆತರಂತೆ.

ಹೆಂಗಸಿನ ಮನಸ್ಸು ಕರಗಿತು. ತನ್ನ ಅಜ್ಜಿಗೂ ಕೊನೆಗಾಲದಲ್ಲಿ ಹೀಗೇ ಮರೆವು ಇತ್ತಂತೆ. ಹುಚ್ಚಮ್ಮನನ್ನು ಎಳೆದು ತಬ್ಬಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು, ಇನ್ನೊಂದು ಫೋಟೋ ಹಿಡಿಸಿಕೊಂಡಳು. ಕ್ಷಮಿಸೋದು ಹೇಗೆ ಅಂತ ಈ ಬೆಟ್ಟ ನನಗೆ ಕಲಿಸಿತು ಅಂತ ಸಂಜೆಯೊಳಗೆ ಅದರ ಕೆಳಗೆ ಬರೆದಿದ್ದಳು. ವಿಡಿಯೋದಲ್ಲಿ ಹುಚ್ಚಮ್ಮನ ದನಿ ತೆಗೆದು ಕೊಳಲು ಹಾಕಿದ್ದರು. ಕೆಳಗೆ ಸಾಲು ಸಾಲಾಗಿ ನನ್ನ ಇಂಗ್ಲಿಷು.

ಲೈನಿನ ಕಡೆ ವಾಪಸು ಹೋಗುವಾಗ ಹುಚ್ಚಮ್ಮ ಖುಷಿಯಾಗಿದ್ದಳು. ನಾಲ್ಕು ತಿಂಗಳಲ್ಲಿ ಅವಳು ಹಾಗೆ ಬಾಯ್ತುಂಬ ಮಾತಾಡಿದ್ದು ನಾನು ಕೇಳಿರಲಿಲ್ಲ. ‘ನೋಡಿದ್ರಾ ರೈಟ್ರೆ? ಇದ್ದದ್ದು ಇದ್ದಂಗೆ ಹೇಳಿದ್ರೆ ಒಪ್ಕೋತಾರೆ. ನೀವು ಸುಮ್ಕೆ ಹೆದರ್ಕೊಂಡ್ರಿ. ಹೆಂಗೆ ತಬ್ಕೊಂತು ಆ ಮಗಾ’ ಅಂದಳು. ಅವಳ ಮನೆಯ ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟಳು. ನಾನು ಕುಡಿದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ, ಲೋಟ ತೊಳೆದಿಟ್ಟು ಎದ್ದು ಬಂದೆ.

ಹತ್ತನೇ ದಿನಕ್ಕೆ ಮುಂಬೈಯಿಂದ ಕಾಗದ ಬಂತು. ತೀರ್ಥಪ್ರಸಾದ್ ನಮ್ಮಿಬ್ಬರನ್ನೂ ಆಫೀಸಿಗೆ ಕರೆದ. ಹುಚ್ಚಮ್ಮ ಕೂರಲಿಲ್ಲ, ಬಾಗಿಲ ಬಳಿ ನಿಂತಿದ್ದಳು.

‘ಅಜ್ಜಿ, ಹೆಡ್ ಆಫೀಸ್‌ನವರು ವಿಡಿಯೋ ನೋಡಿದ್ದಾರೆ. ಮರೆವಿನ ಕಾಯಿಲೆ ಇರೋರನ್ನ ಬೆಂಕಿ ಹತ್ರ ಇಡೋ ಹಾಗಿಲ್ಲ ಅಂತ ಹೇಳಿದ್ದಾರೆ. ಕೆಲಸ ಇಲ್ಲ ಅಂದ್ಮೇಲೆ ಮನೆನೂ ಬಿಡ್ಬೇಕಾಗ್ತದೆ. ತಿಂಗಳ ಕೊನೇವರೆಗೂ ಟೈಮ್ ಕೊಡ್ತೇವೆ.’

‘ಯಾರಿಗೆ ಮರೆವು?’ ಅಂದಳು ಹುಚ್ಚಮ್ಮ.

‘ನೀವೇ ಹೇಳಿದ್ರಲ್ಲ ಅಜ್ಜಿ, ಎಲ್ಲರ ಮುಂದೆ. ಇಲ್ಲಿ ಬರೆದಿದೆ ನೋಡಿ.’ ಅವನು ಫೋನು ಅವಳ ಕಡೆ ತಿರುಗಿಸಿದ. ಓದು ಬಾರದವಳಿಗೆ ಇಂಗ್ಲಿಷು ತೋರಿಸಿದ. ಆಮೇಲೆ ನನ್ನ ಕಡೆ ನೋಡಿ, ‘ಚಿದಣ್ಣನೇ ಅಲ್ವಾ ಟ್ರಾನ್ಸ್‌ಲೇಟ್ ಮಾಡಿದ್ದು’ ಅಂದ. ನಗುತ್ತಿರಲಿಲ್ಲ; ನಕ್ಕಿದ್ದರೆ ನನಗೆ ಹೊಡೆಯೋದಕ್ಕಾದರೂ ಆಗುತ್ತಿತ್ತು.

ನಾನು ಬಾಯಿ ತೆರೆದೆ. ಅವಳು ಹಾಗೆ ಹೇಳಿಲ್ಲ ಅಂತ ಹೇಳೋದಕ್ಕೇ ತೆರೆದದ್ದು. ತೀರ್ಥಪ್ರಸಾದ್ ಮೇಜಿನ ಮೇಲಿದ್ದ ರಿಜಿಸ್ಟರನ್ನು ಒಂದು ಬೆರಳಿನಿಂದ ನನ್ನ ಕಡೆ ಸರಿಸಿದ. ‘ಮರೆತದ್ದು ಸುಳ್ಳು ಅಂತಾದ್ರೆ ಇದೂ ಸುಳ್ಳು ಆಗ್ತದೆ ಚಿದಣ್ಣ. ಇದಕ್ಕೆ ಸಹಿ ಯಾರದ್ದು?’

ಅದಕ್ಕೆ ಅಪ್ಪಣೆ ಕೊಟ್ಟವನು ನೀನೇ ಅಲ್ಲವೇನೋ ಅನ್ನಬೇಕಿತ್ತು. ಅನ್ನಲಿಲ್ಲ. ನನಗೆ ಐವತ್ತೆಂಟು ವರ್ಷ, ಕ್ವಾರ್ಟರ್ಸಿನಲ್ಲಿ ಮನೆ ಇದೆ, ಹೆಂಡತಿಗೆ ಮಂಡಿ ನೋವು. ಇದೆಲ್ಲ ಆ ಒಂದು ನಿಮಿಷದಲ್ಲಿ ತಲೆಯೊಳಗೆ ಬಂದು ಹೋಯಿತು. ಬಾಯಿ ಮುಚ್ಚಿದೆ. ಗುರ್‌ಗಾಂವಿನವಳನ್ನು, ಮುಂಬೈಯವರನ್ನು, ಈ ಹುಡುಗನನ್ನು ಇಷ್ಟು ಹೊತ್ತು ಹೀಯಾಳಿಸಿದೆನಲ್ಲ, ಅವರೆಲ್ಲ ಸೇರಿದರೂ ಅವತ್ತು ನನ್ನಷ್ಟು ಹೇಸಿಗೆ ಮನುಷ್ಯ ಆ ಕೋಣೆಯಲ್ಲಿ ಇನ್ನೊಬ್ಬ ಇರಲಿಲ್ಲ.

ಹುಚ್ಚಮ್ಮ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂತ ಕಾದೆ. ‘ಆಯ್ತು’ ಅಂತ ಒಂದೇ ಮಾತು ಹೇಳಿ ಮೆಟ್ಟಿಲಿಳಿದು ಹೋದಳು. ತಿಂಗಳ ಕೊನೆಯವರೆಗೂ ಕಾಯಲಿಲ್ಲ. ಹೆಬ್ಬಾಲೆಯಲ್ಲಿದ್ದ ತಮ್ಮ ಸಣ್ಣಸ್ವಾಮಿಗೆ ಹೇಳಿ ಕಳಿಸಿದಳು, ಅವನು ಮೂರನೇ ದಿನ ಮಧ್ಯಾಹ್ನ ಸಾಮಾನು ಸಾಗಿಸುವ ಆಟೋ ತಂದ. ಮನೆ ಖಾಲಿ ಮಾಡಿಸಿಕೊಂಡ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಬೀಗದಕೈ ತರಬೇಕು ಅಂತ ತೀರ್ಥಪ್ರಸಾದ್ ನನ್ನನ್ನೇ ಕಳಿಸಿದ. ಅದೂ ನನಗೇ ಬರಬೇಕಿತ್ತು.

ಹೋದಾಗ ಸಾಮಾನೆಲ್ಲ ಆಟೋ ಏರಿತ್ತು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಬಾಚುವ ಹಲಗೆ. ಜವರಪ್ಪನ ಫೋಟೋವನ್ನು ಸಣ್ಣಸ್ವಾಮಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಳಗೆ ಗೋಡೆ ಬೋಳಾಗಿತ್ತು. ಒಲೆ ಮಾತ್ರ ಯಾವತ್ತಿನ ಹಾಗೇ ಇತ್ತು, ಬೂದಿಯ ಕೆಳಗೆ ಕೆಂಡ ಇದ್ದ ಕಾವು ಬಾಗಿಲಿಗೇ ತಟ್ಟುತ್ತಿತ್ತು. ಹೆಬ್ಬಾಲೆಗೆ ಮಡಕೆಯಲ್ಲಿ ಕೆಂಡ ಒಯ್ಯುತ್ತಾಳೆ ಅಂದುಕೊಂಡಿದ್ದೆ. ಮಡಕೆ ಮೂಲೆಯಲ್ಲಿ ಬರಿದಾಗಿ ಕವುಚಿ ಬಿದ್ದಿತ್ತು.

ಕಾಗದ ಮುಂದೆ ಹಿಡಿದೆ. ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಗೋಡೆಗೆ ಒರೆಸಿ, ಬೀಗದಕೈಯನ್ನು ನನ್ನ ಕೈಗೆ ಕೊಡದೆ ಒಲೆಯ ಕಟ್ಟೆಯ ಮೇಲಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಕೊಡ ನೀರು ತಂದಳು. ಕಾಲು ತೊಳೆದುಕೊಳ್ಳುತ್ತಾಳೇನೋ ಅಂತ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅವಳು ಒಲೆಯ ಮುಂದೆ ಕೂತು, ಬೂದಿ ಸರಿಸಿ, ಕೆಂಪಗಿದ್ದ ಬೊಡ್ಡೆಯ ಮೇಲೆ ಕೊಡವನ್ನು ಪೂರ್ತಿ ಬಗ್ಗಿಸಿ ಹಿಡಿದಳು. ಚುಯ್ ಅಂತ ಹೊಗೆ ಎದ್ದು ಹೆಂಚು ಮುಟ್ಟಿತು. ಬೂದಿ ನೀರು ಕರ್ರಗೆ ನೆಲಕ್ಕೆ ಹರಿದು ನನ್ನ ಕಾಲಿನ ತನಕ ಬಂತು. ಸದ್ದು ಪೂರಾ ನಿಲ್ಲುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡಳು. ‘ಬರ್ಕೊಳ್ಳಿ ರೈಟ್ರೆ’ ಅಂದಳು, ‘ನೀರು ಹಾಕಿದ್ದೀನಿ. ಇವತ್ತೊಂದಿನ ಸರಿಯಾಗಿ ಬರ್ಕೊಳ್ಳಿ.’